ಅರ್ಲಿ ನ್ಯಾಂಟಿಸ್ ಕ್ಯಾರೆಟ್: ಮೊದಲ ಪಾತಿ ಕೊಯ್ಲಿಗೆ ಬಂದಿದೆ

ಹಿಂದಿನ ವರದಿಯ ಹೊತ್ತಿಗೆ ಪಾತಿಯಲ್ಲಿ ಹುಲ್ಲೆಳೆಯಂಥ ಎರಡೆಲೆಯ ಸಸಿಗಳಷ್ಟೇ ಇದ್ದವು. ಈಗ ಮೊದಲ ಗೆಡ್ಡೆಗಳು ಅಡುಗೆಮನೆ ಸೇರಿವೆ. ಬಿತ್ತಿದ 65ರಿಂದ 75 ದಿನಗಳಲ್ಲಿ ಕೊಯ್ಲಿಗೆ ಬರುವ ಈ ತಳಿಯ ಗೆಡ್ಡೆ ಉದ್ದಕ್ಕೂ ಒಂದೇ ದಪ್ಪವಾಗಿ ಬೆಳೆದು, ತುದಿಯಲ್ಲಿ ಮೊಂಡಾಗಿರುತ್ತದೆ, ನಡುತಿರುಳೂ ತೆಳುವಾಗಿರುತ್ತದೆ.

ಹೆಚ್ಚು ಗಮನ ಬೇಡಿದ್ದು ಮೊಳಕೆಯ ಹಂತ. ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಹೋಗದಂತೆ ಬಿತ್ತಿದ ಬೀಜ ಮೊಳೆಯಲು ಒಂದರಿಂದ ಮೂರು ವಾರ ಹಿಡಿಯುವುದರಿಂದ, ಅಷ್ಟರೊಳಗೆ ಮೇಲ್ಮಣ್ಣು ಒಣಗಿ ಹೆಪ್ಪುಗಟ್ಟಿದರೆ ನವಿರಾದ ಮೊಳಕೆಗೆ ಅದನ್ನು ಸೀಳಿ ಬರುವ ಶಕ್ತಿ ಇರುವುದಿಲ್ಲ. ಹೀಗಾಗಿ ಸಾಲುಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಮೊದಲ ಮೊಳಕೆ ಕಂಡ ಕೂಡಲೇ ತೆಗೆದೆ. ಬೀಜದ ಜೊತೆ ಅಲ್ಲಲ್ಲಿ ಮೂಲಂಗಿ ಬೀಜವನ್ನೂ ಉದುರಿಸಿದ್ದೆ; ಅದು ಬೇಗ ಮೊಳೆತು ಸಾಲಿನ ಗುರುತು ಹೇಳುವುದರಿಂದ ಕಳೆ ಕೀಳುವಾಗ ಗೊಂದಲವಾಗಲಿಲ್ಲ.

ಗೆಡ್ಡೆ ಕವಲೊಡೆಯದಿರಲೆಂದು ಹಸಿ ಗೊಬ್ಬರ ಹಾಕದೆ, ಹಿಂದಿನ ಬೆಳೆಗೆ ಗೊಬ್ಬರ ಉಂಡಿದ್ದ ಪಾತಿಯನ್ನೇ ಕಲ್ಲು ಆರಿಸಿ ಬಳಸಿದ್ದೇನೆ. ಒತ್ತಾಗಿದ್ದ ಸಸಿಗಳನ್ನು ಕಿತ್ತರೆ ಪಕ್ಕದವುಗಳ ಬೇರು ಅಲುಗುತ್ತದೆಂದು ಕತ್ತರಿಯಿಂದ ನೆಲಮಟ್ಟಕ್ಕೆ ಕತ್ತರಿಸಿ, ನಡುವೆ ನಾಲ್ಕೈದು ಸೆಂಟಿಮೀಟರ್ ಅಂತರ ಉಳಿಸಿದೆ. ಬೇಸರ ತರುವ ಕೆಲಸವೇ ಹೌದು, ಆದರೆ ಇದನ್ನು ಬಿಟ್ಟರೆ ಸೊಪ್ಪಷ್ಟೇ ಸಿಗುತ್ತದೆ.

ಈ ವಾರ ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ ನೋಡಿದಾಗ ಗೆಡ್ಡೆಯ ಹೆಗಲು, ಎಂದರೆ ಸೊಪ್ಪಿನ ಬುಡಕ್ಕೆ ಅಂಟಿದ ಮೇಲ್ಭಾಗ, ಹೆಬ್ಬೆರಳ ದಪ್ಪಕ್ಕೆ ಬಂದಿತ್ತು. ಬಿಸಿಲು ತಾಗಿ ಹಸಿರಾಗತೊಡಗಿದ್ದವಕ್ಕೆ ಮಣ್ಣೇರಿಸಿ, ದಪ್ಪನೆಯವನ್ನು ಮಾತ್ರ ಕಿತ್ತಿದ್ದೇನೆ. ಇನ್ನೂ ದಪ್ಪವಾಗಲೆಂದು ಕಾಯುವುದು ಈ ತಳಿಗೆ ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ: ಬಲಿತಷ್ಟೂ ತಿರುಳು ಗಟ್ಟಿಯಾಗುತ್ತದೆ, ಒಣಗಿದ ಮಣ್ಣಿಗೆ ಒಮ್ಮೆಲೇ ನೀರು ಬಿದ್ದರೆ ಗೆಡ್ಡೆ ಸೀಳುತ್ತದೆ.

ಎಳೆಯ ಗೆಡ್ಡೆಗೆ ಸಿಪ್ಪೆ ಹೆರೆಯುವ ಅಗತ್ಯವಿಲ್ಲ. ಉಜ್ಜಿ ತೊಳೆದು ಹಸಿಯಾಗಿಯೇ ತಿನ್ನಬಹುದು. ಅರ್ಧದಷ್ಟನ್ನು ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿದೆ, ಏಕೆಂದರೆ ಕ್ಯಾರೆಟ್ಟಿನಲ್ಲಿರುವ, ದೇಹ ವಿಟಮಿನ್ ಎ ಆಗಿ ಬದಲಿಸಿಕೊಳ್ಳುವ ಬೀಟಾ ಕ್ಯಾರೋಟಿನ್ ಬೇಯಿಸಿದಾಗ ಮತ್ತು ಜಿಡ್ಡಿನ ಜೊತೆ ಸೇವಿಸಿದಾಗ ದೇಹಕ್ಕೆ ಚೆನ್ನಾಗಿ ದಕ್ಕುತ್ತದೆ. ಸೊಪ್ಪು ಗೆಡ್ಡೆಯ ತೇವವನ್ನು ಹೀರುವುದರಿಂದ ಕಿತ್ತ ಕೂಡಲೇ ಕತ್ತರಿಸಿ, ಉಳಿದವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ಸೇಬಿನಂಥ ಹಣ್ಣುಗಳು ಬಿಡುವ ಎಥಿಲೀನ್ ಅನಿಲ ಕ್ಯಾರೆಟ್ಟನ್ನು ಕಹಿಯಾಗಿಸುವುದರಿಂದ ಅವುಗಳನ್ನು ಬೇರೆಯಾಗಿಟ್ಟದ್ದಾಗಿದೆ.

ಒಮ್ಮೆಗೇ ಎಲ್ಲವೂ ಕೊಯ್ಲಿಗೆ ಬರದಿರಲೆಂದು ಪಕ್ಕದ ಪಾತಿಯಲ್ಲಿ ಮೂರು ವಾರ ತಡವಾಗಿ ಬಿತ್ತಿದ ಸಾಲುಗಳಲ್ಲಿ ಗುರುತಿಗೆ ಉದುರಿಸಿದ್ದ ಮೂಲಂಗಿ ಕಿತ್ತು ಮುಗಿದಿದೆ. ಸಸಿ ವಿರಳಗೊಳಿಸುವುದು ಮುಂದಿನ ಕೆಲಸ.