ಮೊಣಕೈಯ ಒಳಮಡಿಕೆ

ಲೀಡ್ಸಿನ ರಾಯಲ್ ಆರ್ಮರೀಸ್ ಮ್ಯೂಸಿಯಂನಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಉಕ್ಕಿನ ಕವಚದ ಮುಂದೆ ನಿಂತವಳು ಇವರು ಎಷ್ಟು ಕರೆದರೂ ಕದಲಲಿಲ್ಲ. ನಾನು ನೋಡುತ್ತಿದ್ದದ್ದು ಅದರ ತೋಳು, ಅದರಲ್ಲೂ ಮೊಣಕೈ.

ನಾನು ಫಿಸಿಯೋಥೆರಪಿಸ್ಟ್. ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದವರ ಸೆಟೆದ ಮೊಣಕೈಯನ್ನು ಮಡಚಿಸುವುದು ನನ್ನ ನಿತ್ಯದ ಕೆಲಸ. ತುತ್ತು ಬಾಯಿಗೆ ಮುಟ್ಟಬೇಕಾದರೆ ಅದು ಸುಮಾರು 130 ಡಿಗ್ರಿ ಮಡಚಬೇಕು. ಅಷ್ಟಕ್ಕೇ ಕೆಲವರು ವಾರಗಟ್ಟಲೆ ಹಲ್ಲುಕಚ್ಚಿ ನೋವು ತಿನ್ನುತ್ತಾರೆ.

ಈ ಕವಚವನ್ನು 1520ರಲ್ಲಿ ಗ್ರೀನಿಚ್‌ನ ಅರಮನೆ ಕಾರ್ಯಾಗಾರದಲ್ಲಿ ಮಾಡಿದ್ದು, ನೆಲದ ಮೇಲೆ ನಿಂತು ಕಾದಾಡುವ ಪಂದ್ಯಕ್ಕೆಂದು. 235 ತುಂಡುಗಳು, 42 ಕಿಲೋ ಮೀರಿದ ತೂಕ. ಸಾಮಾನ್ಯವಾಗಿ ಇಂಥ ಕವಚಗಳಲ್ಲಿ ಮೊಣಕೈಯ ಹೊರಗೆ ಗಟ್ಟಿ ಚಿಪ್ಪು ಇರುತ್ತದೆ. ಒಳಮಡಿಕೆಯನ್ನು ಕಬ್ಬಿಣದ ಉಂಗುರಗಳ ಜಾಲರಿಗೆ ಬಿಟ್ಟುಬಿಡುತ್ತಾರೆ. ಇಲ್ಲಿ ಆ ಮಡಿಕೆಗೂ ಉಕ್ಕೇ. ಸಪೂರ ಪಟ್ಟಿಗಳು ಒಂದರಡಿ ಒಂದು, ಸೀಗಡಿಯ ಬೆನ್ನಿನ ಹಾಗೆ. ಕೈ ಚಾಚಿದರೆ ಹರಡಿಕೊಳ್ಳಬೇಕು, ಮಡಚಿದರೆ ಒಂದರೊಳಗೊಂದು ಹೋಗಿ ಸೇರಬೇಕು. ಆದರೆ ಸೇರಲು ಅಲ್ಲಿ ಜಾಗವೆಲ್ಲಿ? ಕೈ ಮಡಚಿದಾಗ ರಟ್ಟೆಯ ಮಾಂಸವೂ ಮುಂಗೈಯ ಮಾಂಸವೂ ಉಬ್ಬಿ ಒಂದನ್ನೊಂದು ಒತ್ತುವುದು ಅಲ್ಲಿಯೇ. ಪಟ್ಟಿ ತುಸು ಅಗಲವಾದರೆ ಚರ್ಮ ಸಿಕ್ಕಿಕೊಳ್ಳುತ್ತದೆ, ತುಸು ಕಿರಿದಾದರೆ ಚಾಚಿದಾಗ ಸಂದಿ ಬಾಯಿಬಿಡುತ್ತದೆ. ಗಾಜಿನ ಮುಂದೆ ನಿಂತು ನನ್ನ ಕೈಯನ್ನೇ ಮಡಚಿ, ಚಾಚಿ, ಮತ್ತೆ ಮಡಚಿ ನೋಡಿದೆ. ಆ ಕಮ್ಮಾರರಿಗೆ ಕೀಲು ಗೊತ್ತಿತ್ತು, ನನಗೆ ಗೊತ್ತಿರುವಷ್ಟೇ.

ಇಷ್ಟೆಲ್ಲ ಮಾಡಿಯೂ ಇದು ಅಖಾಡಕ್ಕೆ ಇಳಿಯಲೇ ಇಲ್ಲ. ಅದೇ ಜೂನ್‌ನಲ್ಲಿ ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸ್ ಜೊತೆ ನಡೆಯಬೇಕಿದ್ದ ಪಂದ್ಯಗಳ ನಿಯಮವನ್ನು ಫ್ರೆಂಚರು ನಡುವೆ ಬದಲಿಸಿದರು. ಸೊಂಟದಿಂದ ಲಂಗದಂತೆ ಇಳಿಬಿಟ್ಟ ಕವಚವೇ ಆಗಬೇಕೆಂದರು. ಕೆಲಸ ಅರ್ಧಕ್ಕೆ ನಿಂತಿತು. ಹಳೆಯ ತುಂಡುಗಳನ್ನೂ ಕೂಡಿಸಿಕೊಂಡು ತರಾತುರಿಯಲ್ಲಿ ಇನ್ನೊಂದನ್ನು ಹೊಂದಿಸಿದರು. ಇದಕ್ಕೆ ಕೊನೆಯ ಹೊಳಪೂ ದಕ್ಕಲಿಲ್ಲ. ನನಗೆ ಅದು ಒಳ್ಳೆಯದೇ ಆಯಿತು ಅನ್ನಿಸುತ್ತದೆ. ಚಿನ್ನದ ಲೇಪವಿಲ್ಲ, ಕೆತ್ತನೆಯಿಲ್ಲ. ಕಣ್ಣು ನೇರ ಕೀಲಿಗೇ ಹೋಗುತ್ತದೆ.

ಹೊರಗಿನಿಂದ ಕಾಣದ್ದು ಒಳಗಿನ ರಿವೆಟ್ಟುಗಳು, ಪಟ್ಟಿಗಳನ್ನು ಜೋಡಿಸುವ ಮೊಳೆಗಳು. ಆ ಮೊಣಕೈ ಎಷ್ಟು ಡಿಗ್ರಿ ಮಡಚುತ್ತದೆ, ಯಾರಾದರೂ ಅಳೆದಿದ್ದಾರೆಯೇ ಎಂದು ಮ್ಯೂಸಿಯಂಗೆ ಬರೆದು ಕೇಳಿದ್ದೇನೆ.