ವಾಲ್‌ಪೇಪರ್‌ನಲ್ಲಿ ಮನುಷ್ಯ ಎಲ್ಲಿ?

ಬೆಳಿಗ್ಗೆ ಫೋನಿನ ವಾಲ್‌ಪೇಪರ್ ಬದಲಾಯಿಸಿದೆ. ಚೀನಾದ ಚಿತ್ರಕಾರ ಫಾನ್ ಕುವಾನ್ ಬರೆದ ಬೆಟ್ಟದ ಚಿತ್ರ ಹಾಕಿದೆ. ಕೆಳಗಿನ ಐಕಾನ್‌ಗಳ ಹಿಂದೆ ಮನುಷ್ಯರೆಲ್ಲ ಮುಚ್ಚಿಹೋದರು. ಏನೂ ಕಮ್ಮಿ ಅನಿಸಲೇ ಇಲ್ಲ!

ಸುಮಾರು ಸಾವಿರ ವರ್ಷ ಹಳೆಯ ಚೀನೀ ಚಿತ್ರ. ರೇಷ್ಮೆಯ ಮೇಲೆ ಮಸಿ. ಎತ್ತರ 2 ಮೀಟರ್‌ಗಿಂತ ಜಾಸ್ತಿ, ಅದರಲ್ಲಿ ಹೆಚ್ಚುಪಾಲು ಒಂದೇ ಬಂಡೆಬೆಟ್ಟ. ಕೆಳಗೆ ಬಲಮೂಲೆಯಲ್ಲಿ ಹೊರೆ ಹೊತ್ತ ಹೇಸರಗತ್ತೆಗಳು, ಜೊತೆಗೆ ಇಬ್ಬರು. ಇರುವೆ ಸಾಲಿನಷ್ಟು. ಬೆಟ್ಟ ನೋಡಲು ಅವರಿಗೆ ಪುರುಸೊತ್ತಿಲ್ಲ ಪಾಪ, ಸರಕು ಮುಟ್ಟಿಸಬೇಕು.

ಅದೇ ಜರ್ಮನಿಯ ಫ್ರೀಡ್ರಿಖ್ 1818ರ ಸುಮಾರಿಗೆ ಬರೆದ ಮಂಜಿನ ಚಿತ್ರ ನೋಡಿ. ನಟ್ಟನಡುವೆ ಕೋಟು ಹಾಕಿ, ಕೋಲು ಹಿಡಿದು, ನಮಗೆ ಬೆನ್ನು ತಿರುಗಿಸಿ ಒಬ್ಬ ನಿಂತಿದ್ದಾನೆ. ಅಣ್ಣಾ, ಸ್ವಲ್ಪ ಪಕ್ಕಕ್ಕೆ ಸರೀರಿ ಅನ್ನಬೇಕು ಅನಿಸುತ್ತದೆ. (ಆದರೂ ನನಗಿಷ್ಟ.)

ಸೈಜ್ ಒಂದೇ ವ್ಯತ್ಯಾಸ ಅಲ್ಲ ಅಲ್ವಾ? ಇದೇ ಫ್ರೀಡ್ರಿಖ್ ಇನ್ನೊಂದು ಚಿತ್ರದಲ್ಲಿ ಕಡಲ ಮುಂದೆ ಸನ್ಯಾಸಿಯನ್ನು ಚುಕ್ಕಿಯಷ್ಟು ಮಾಡಿದ್ದಾನೆ. ಆದರೆ ಆ ಚುಕ್ಕಿಯೂ ನಿಂತು ನೋಡುತ್ತಿದೆ. ಅವನಿಗೆ ಕಡಲು ದೊಡ್ಡ ಪ್ರಶ್ನೆ. ಹೇಸರಗತ್ತೆಯವನಿಗೆ ಬೆಟ್ಟ ಅಂದರೆ ದಾರಿ, ಅಷ್ಟೇ. ನನಗೇನೋ ಈ ಹೇಸರಗತ್ತೆಯವನೇ ಹತ್ತಿರದವನು.

ಇನ್ನೊಂದು ಮಜಾ. ಫಾನ್ ಕುವಾನ್ ತನ್ನ ಸಹಿಯನ್ನು ಆ ಹೇಸರಗತ್ತೆಗಳ ಹಿಂದಿನ ಎಲೆಗಳಲ್ಲಿ ಅಡಗಿಸಿದ್ದ. ಅದು ಕಣ್ಣಿಗೆ ಬಿದ್ದದ್ದು 1958ರಲ್ಲಿ!

ಮೂಲ ಚಿತ್ರ ತೈಪೆಯ ಅರಮನೆ ಮ್ಯೂಸಿಯಂನಲ್ಲಿದೆ. ಯಾವಾಗಲೂ ತೂಗುಹಾಕಿರುವುದಿಲ್ಲ. ಆ ಕಡೆ ಹೋಗುವವರು ಮೊದಲೇ ವಿಚಾರಿಸಿಕೊಂಡು ಹೋಗಿ.