ಸಿಯಾಟಲ್‌ನ ಫೆಲಿಕ್ಸ್, ನಮ್ಮ ಶ್ರೀನಾಥ್

ಸಿಯಾಟಲ್‌ನಲ್ಲಿ ಡಿಸೆಂಬರ್ ಬಂತೆಂದರೆ ಸಂಜೆ ನಾಲ್ಕೂವರೆಗೇ ಕತ್ತಲು. ಜಿಟಿಜಿಟಿ ಮಳೆ ಬೇರೆ. ಬೇಸ್‌ಬಾಲ್ ಮುಗಿದು ತಿಂಗಳಾಗಿರುತ್ತದೆ. ಮತ್ತೆ ಶುರುವಾಗುವುದು ಮಾರ್ಚ್ ಕೊನೆಗೆ. ಆದರೆ ಬೇಸ್‌ಬಾಲ್ ಮಾತು ಈ ಚಳಿಯಲ್ಲೇ ಜಾಸ್ತಿ. ಹಿಂದೆಲ್ಲ ಊರ ಅಂಗಡಿಯ ಒಲೆ ಸುತ್ತ ಕೂತು ವಾದ ಮಾಡುತ್ತಿದ್ದರಂತೆ. ಅದಕ್ಕೇ ಈ ಕಾಲಕ್ಕೆ 'ಹಾಟ್ ಸ್ಟವ್' ಅಂತ ಹೆಸರು.

ನನಗೆ ಆ ಒಲೆ ಅಂದರೆ ಪಕ್ಕದ ಮನೆಯವರ ಗ್ಯಾರೇಜು. ಅವರಿಗೆ ಎಪ್ಪತ್ತು ದಾಟಿದೆ. ಇಲ್ಲಿ ಅಂಥವರನ್ನೂ ಹೆಸರು ಹಿಡಿದೇ ಕರೆಯಬೇಕು. ನನಗಿನ್ನೂ ನಾಲಿಗೆ ಹೊರಳುವುದಿಲ್ಲ. ಇಲ್ಲಿ ಅಜ್ಜ ಅಂತಲೇ ಬರೆಯುತ್ತೇನೆ. ಶನಿವಾರ ಅವರ ಮಗಳೂ ಬರುತ್ತಾಳೆ. ಕಾಫಿ ಮುಗಿಯುವ ಮೊದಲೇ ಅಪ್ಪ ಮಗಳ ಜಗಳ ಶುರು.

ಈ ಸಲ ಮೊದಲು ಎದ್ದದ್ದು ಯಾರು ಉಳಿದರು, ಯಾರು ಹೋದರು ಅನ್ನುವ ಮಾತು. ನಮ್ಮ ಸಿಯಾಟಲ್ ತಂಡ ಮ್ಯಾರಿನರ್ಸ್, ವರ್ಷದ ಫೈನಲ್ ಆದ ವರ್ಲ್ಡ್ ಸೀರೀಸ್ ಅನ್ನು ಒಮ್ಮೆಯೂ ಆಡಿಲ್ಲ. 30 ತಂಡಗಳಲ್ಲಿ ಹಾಗಿರುವುದು ಇದೊಂದೇ. 2025ರ ಅಕ್ಟೋಬರ್‌ನಲ್ಲಿ ಅದರ ಹಿಂದಿನ ಸುತ್ತಿನಲ್ಲಿ ಟೊರಾಂಟೊ ವಿರುದ್ಧ ಏಳನೇ, ಕೊನೆಯ ಪಂದ್ಯದವರೆಗೂ ಹೋಗಿ ಒಂದು ರನ್‌ನಿಂದ ಸೋತರು. ಜಾಶ್ ನೇಲರ್‌ನನ್ನು 5 ವರ್ಷಕ್ಕೆ 9.25 ಕೋಟಿ ಡಾಲರ್ ಕೊಟ್ಟು ಉಳಿಸಿಕೊಂಡರು. ಮಗಳಿಗೆ ಖುಷಿ. ಡೆಟ್ರಾಯಿಟ್ ವಿರುದ್ಧ 15ನೇ ಇನಿಂಗ್ಸ್‌ನಲ್ಲಿ ಗೆಲ್ಲಿಸಿಕೊಟ್ಟ ಪೊಲಾಂಕೊ ನ್ಯೂಯಾರ್ಕ್ ಮೆಟ್ಸ್‌ಗೆ ಹೋದ. ಅಜ್ಜನಿಗೆ ಆ ಸಂಕಟ ಇನ್ನೂ ಇಳಿದಿಲ್ಲ.

ನಿಜವಾದ ಜಗಳ ಫೆಲಿಕ್ಸ್ ಹರ್ನಾಂಡೆಜ್‌ನದು. ವೆನೆಜುವೆಲಾದ ಹುಡುಗ. 19ಕ್ಕೇ ಸಿಯಾಟಲ್‌ಗೆ ಪಿಚರ್, ಅಂದರೆ ಚೆಂಡು ಎಸೆಯುವವನಾಗಿ ಬಂದ. 2005ರಿಂದ 2019ರವರೆಗೆ ಇದೊಂದೇ ತಂಡಕ್ಕೆ ಆಡಿದ. ಕೂಪರ್ಸ್‌ಟೌನ್ ಊರಿನಲ್ಲಿರುವ ಬೇಸ್‌ಬಾಲ್ ದಿಗ್ಗಜರ ಗೌರವ ಭವನ, ಹಾಲ್ ಆಫ್ ಫೇಮ್‌ಗೆ ಅವನು ಸೇರಬೇಕೋ ಬೇಡವೋ? ಅಲ್ಲಿಗೆ ಸೇರಲು ಹಳಬ ಬೇಸ್‌ಬಾಲ್ ವರದಿಗಾರರ ಮತದಲ್ಲಿ ನೂರಕ್ಕೆ 75 ಬೇಕು. ಅದೂ ಹತ್ತು ವರ್ಷದೊಳಗೆ. ಐದಕ್ಕಿಂತ ಕಡಿಮೆ ಬಂದರೆ ಆಗಲೇ ಹೆಸರು ಬಿದ್ದುಹೋಗುತ್ತದೆ.

ಫೆಲಿಕ್ಸ್‌ನನ್ನು ಪ್ರಾಣದಂತೆ ಪ್ರೀತಿಸುವ ಅಜ್ಜನೇ 'ಬೇಡ' ಅನ್ನುತ್ತಾರೆ! 'ಅವನದು 169 ಗೆಲುವು. ನಾನು ಚಿಕ್ಕವನಿದ್ದಾಗ 300 ಗೆದ್ದವರನ್ನು ಮಾತ್ರ ದೊಡ್ಡವರು ಅನ್ನುತ್ತಿದ್ದರು. ನನಗೆ ಇಷ್ಟ ಅಂತ ಬಾಗಿಲು ಅಗಲ ಮಾಡೋಕಾಗುತ್ತಾ?'

ಬೇಸ್‌ಬಾಲ್‌ನಲ್ಲಿ ತಂಡದ ಗೆಲುವು ಸೋಲನ್ನು ಪಿಚರ್ ಹೆಸರಿಗೆ ಬರೆಯುತ್ತಾರೆ. ಮಗಳ ತಕರಾರು ಅದೇ. 2010ರಲ್ಲಿ ಫೆಲಿಕ್ಸ್ ಲೆಕ್ಕ 13 ಗೆಲುವು, 12 ಸೋಲು. ಒಂಬತ್ತು ಇನಿಂಗ್ಸ್‌ಗೆ ಕೊಟ್ಟದ್ದು ಸರಾಸರಿ 2.27 ರನ್ ಮಾತ್ರ. ಆದರೆ ಅವನ ತಂಡ ಇಡೀ ವರ್ಷ ಹೊಡೆದದ್ದು 513 ರನ್. ಅಷ್ಟು ಕಡಿಮೆ ಆ ವರ್ಷ ಇನ್ಯಾವ ತಂಡವೂ ಹೊಡೆದಿರಲಿಲ್ಲ. ಅದಕ್ಕೇ ಗೆಲುವು ಕಡಿಮೆಯಿದ್ದರೂ ಒಳ್ಳೆಯ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಆ ವರ್ಷ ಅವನಿಗೇ ಬಂತು. 'ಬ್ಯಾಟ್ ಹಿಡಿದವರು ಹೊಡೆಯದಿದ್ದರೆ ಅವನೇನು ಮಾಡಬೇಕಿತ್ತಪ್ಪಾ?'

ಅದನ್ನು ಕೇಳಿ ನನಗೆ ಸುಮ್ನಿರೋಕೆ ಆಗಲಿಲ್ಲ. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಕಥೆ ಹೇಳಿದೆ. 1999ರ ಫೆಬ್ರವರಿ, ಕೋಲ್ಕತ್ತದ ಈಡನ್ ಗಾರ್ಡನ್ಸ್, ಎದುರಿಗೆ ಪಾಕಿಸ್ತಾನ. ಮೊದಲ ಸರದಿಯಲ್ಲಿ 5, ಎರಡನೆಯದರಲ್ಲಿ 8. ಒಟ್ಟು 13 ವಿಕೆಟ್. ಆದರೂ ಭಾರತ 46 ರನ್‌ನಿಂದ ಸೋತಿತು. ಬೇಸ್‌ಬಾಲ್ ಲೆಕ್ಕದಲ್ಲಿ ಆ ಸೋಲು ಶ್ರೀನಾಥ್ ಹೆಸರಿಗೇ ಹೋಗುತ್ತಿತ್ತು, ಅಲ್ವಾ?

'ಹದಿಮೂರು ತೆಗೆದೂ ಸೋತರಾ?' ಅಜ್ಜ ಎರಡು ಸಲ ಕೇಳಿದರು. ಆಮೇಲೆ ಎದ್ದು ಹೋಗಿ ಒಂದು ಹಳೇ ಶೂ ಡಬ್ಬಿ ತಂದರು. ಒಳಗೆ ಅಂಚು ಸವೆದ ಟಿಕೆಟ್, 2012ರ ಆಗಸ್ಟ್ 15ರದು. ಟ್ಯಾಂಪಾ ಬೇ ವಿರುದ್ಧ 27 ಸಲ ಬ್ಯಾಟ್ ಹಿಡಿದು ಬಂದರೂ ಫೆಲಿಕ್ಸ್ ಒಬ್ಬರನ್ನೂ ಬೇಸ್ ಮುಟ್ಟಲು ಬಿಡದೆ ಆಡಿಸಿದ ದಿನ. 12 ಸ್ಟ್ರೈಕ್ ಔಟ್, ಅಂದರೆ ಮೂರು ಸ್ಟ್ರೈಕ್ ಬಿದ್ದು ಔಟ್. ಅವತ್ತೂ ಸಿಯಾಟಲ್ ಹೊಡೆದದ್ದು ಒಂದೇ ರನ್! ನಮ್ಮ ಸ್ವಾತಂತ್ರ್ಯ ದಿನ ಅಂದೆ. ಆ ತಾರೀಖು ಇನ್ನು ನಾನೂ ಮರೆಯಲ್ಲ. ಟಿಕೆಟ್ ಕೆಳಗೆ ಮಡಿಸಿಟ್ಟ ಹಳದಿ ಟೀ ಶರ್ಟ್. ಫೆಲಿಕ್ಸ್ ಆಡುವ ದಿನ 'ಕಿಂಗ್ಸ್ ಕೋರ್ಟ್' ಅನ್ನುವ ಜಾಗದಲ್ಲಿ ಕೂತ ಅಭಿಮಾನಿಗಳಿಗೆ ಕೊಡುತ್ತಿದ್ದದ್ದು. ಕೈಯಲ್ಲಿ ಹಳದಿ ಕಾರ್ಡು, ಅದರ ಮೇಲೆ 'ಕೆ' ಅಕ್ಷರ. ಸ್ಟ್ರೈಕ್ ಔಟ್‌ಗೆ ಅದೇ ಗುರುತು.

ನನ್ನ ಮತ ಮಗಳ ಕಡೆಗೆ. ಯೋಹಾನ್ ಸಂಟಾನಾ ಅನ್ನುವ ಪಿಚರ್ ಎರಡು ಸೈ ಯಂಗ್ ಗೆದ್ದವನು. 2018ರಲ್ಲಿ ನೂರಕ್ಕೆ 2.4 ಮತ ಬಂದು ಮೊದಲ ವರ್ಷವೇ ಹೊರಬಿದ್ದ. ಅದು ಅನ್ಯಾಯ ಅಂತಲೇ ನನಗೆ ಅನ್ನಿಸುತ್ತದೆ. ಈಗಿನ ಪಿಚರ್‌ಗಳಿಗೆ 300 ಗೆಲ್ಲುವಷ್ಟು ಪಂದ್ಯ ಸಿಗುವುದೇ ಇಲ್ಲ. ಹಳೇ ಅಳತೆ ಹಿಡಿದರೆ ಯಾರೂ ಒಳಗೆ ಹೋಗಲ್ಲ. ಇದೇ ಸಿಯಾಟಲ್‌ನ ಎಡ್ಗರ್ ಮಾರ್ಟಿನೆಜ್‌ಗೂ ಬರೀ ಬ್ಯಾಟ್ ಮಾಡುತ್ತಾನೆ, ಫೀಲ್ಡಿಂಗ್ ಇಲ್ಲ ಅಂತ ವರ್ಷಾನುಗಟ್ಟಲೆ ಬೇಡ ಅಂದರು. ಕೊನೆಗೆ ಹತ್ತನೇ ವರ್ಷ, 2019ರಲ್ಲಿ, ಒಳಗೆ ಹೋದ.

ಫೆಲಿಕ್ಸ್‌ಗೆ 2025ರಲ್ಲಿ ನೂರಕ್ಕೆ 20.6 ಮತ ಬಿದ್ದಿತ್ತು. 2026ರ ಜನವರಿಯಲ್ಲಿ 46ಕ್ಕೆ ಏರಿತು. ಫಲಿತಾಂಶ ಬಂದ ಸಂಜೆ ಮಳೆಯಲ್ಲೇ ಅಜ್ಜನ ಮನೆ ಬಾಗಿಲು ತಟ್ಟಿದೆ. ಅವರಿಗೆ ಆಗಲೇ ಗೊತ್ತಿತ್ತು. 'ನನ್ನ ಮತ ಈಗಲೂ ಬೇಡ ಅಂತಲೇ' ಅಂದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೂಪರ್ಸ್‌ಟೌನ್‌ಗೆ ಹತ್ತಿರದ ವಿಮಾನ ನಿಲ್ದಾಣ ಯಾವುದು, ಫೋನಿನಲ್ಲಿ ನೋಡಿ ಹೇಳು ಅಂದರು. ಹಳದಿ ಟೀ ಶರ್ಟ್ ಶೂ ಡಬ್ಬಿಯಿಂದ ಹೊರಗೆ ಬಂದು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು.